ಬೆಳೆಯ ಶತ್ರುಗಳೂ ಬೆಳೆಯ ಕಾವಲುಗಾರರೂ

ಬೆಳೆಯನ್ನು ಕೆಡಿಸುವ ಹುಳುವನ್ನು ಮನುಷ್ಯನು ಕೊಲ್ಲಬಹುದೋ ಎಂದು ಯಾರಾದರೂ ನಮ್ಮನ್ನು ಕೇಳಿದರೆ, ಕೊಲ್ಲಬಹುದೆಂದು ಸಂಶಯವಿಲ್ಲದೆ ಉತ್ತರ ಕೊಡುವೆವು. ಆದರೆ ಆ ಹುಳುವಿನ ನಿಮಿತ್ತ ಎರಚಿದ ವಿಷವು, ಅದೇ ಹುಳುವನ್ನು ತಿಂದು ನಮ್ಮ ಬೆಳೆಯನ್ನು ಕಾಯುತ್ತಿದ್ದ ಬೇರೆ ಹುಳುವನ್ನೂ ಕೊಂದರೆ, ಎರಚಿದವನು ನಿರ್ದೋಷಿಯೋ? ತನಗೆ ಉಪಕಾರ ಮಾಡುವ ಜೀವಿಯೊಂದು ಅಲ್ಲಿ ಇದೆಯೆಂದು ಅವನಿಗೆ ಗೊತ್ತೇ ಇರಲಿಲ್ಲವಾದರೆ, ಆ ಅಜ್ಞಾನವು ಅವನನ್ನು ತಪ್ಪಿನಿಂದ ಬಿಡಿಸುವದೋ? ಈ ಪ್ರಶ್ನೆಯು ಪಂಡಿತರು ಜಗಲಿಯ ಮೇಲೆ ಕೂತು ಮಾತಾಡಿ ಬಿಡತಕ್ಕದ್ದಲ್ಲ. ಜಯಪುರದ ಸುತ್ತಲಿನ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಸೀಮೆಗಳಲ್ಲಿ ಗದ್ದೆ ಮಾಡುವವರೂ, ಕಾಫಿ ತೋಟ ಅಡಿಕೆ ತೋಟಗಳಿಗೆ ಕೂಲಿಗೆ ಹೋಗುವವರೂ ಆದ ನಮ್ಮ ಸಭೆಯವರು ಪಂಪನ್ನು ಬೆನ್ನಿಗೆ ಏರಿಸುವಾಗಲೆಲ್ಲಾ ಈ ಪ್ರಶ್ನೆಯನ್ನೂ ಅದರ ಸಂಗಡ ಹೊರುತ್ತಾರೆ.

ಮೊದಲು ಒಂದು ಮಾತನ್ನು ಸ್ಪಷ್ಟಮಾಡೋಣ. ಯಾವ ಜೀವವನ್ನೂ ಮುಟ್ಟಬಾರದೆಂಬದು ನಮಗೆ ಬಂದ ಉಪದೇಶವಲ್ಲ. ಭೂಮಿಯ ಮೇಲಿನ ಜೀವಿಗಳ ಮೇಲೆ ದೇವರು ಮನುಷ್ಯನಿಗೆ ಅಧಿಕಾರ ಕೊಟ್ಟನೆಂದು ಆದಿಕಾಂಡದ ಮೊದಲನೆಯ ಅಧ್ಯಾಯವೇ ತಿಳಿಸುತ್ತದೆ. ಮಕ್ಕಳ ಬಾಯಿಗೆ ಹೋಗಬೇಕಾದ ಅಕ್ಕಿಯನ್ನು ಹುಳು ತಿನ್ನುತ್ತಿರುವಾಗ ತಂದೆಯಾದವನು ಕೈ ಕಟ್ಟಿಕೊಂಡು ನಿಂತರೆ ಅದು ದಯೆಯಲ್ಲ, ಸೋಮಾರಿತನವು. ಹಾಗೆಯೇ ಅಡಿಕೆಯ ಕೊಳೆರೋಗಕ್ಕೆ ಮಳೆಯ ಮುಂಚೆ ಹೊಡೆಯುವ ಬೋರ್ಡೋ ದ್ರಾವಣದ ವಿಷಯವನ್ನೂ ನಾವು ಇಲ್ಲಿ ಎತ್ತಿಲ್ಲ. ಮೈಲುತುತ್ತವನ್ನೂ ಸುಣ್ಣವನ್ನೂ ಕೂಡಿಸಿ ಮಾಡಿದ ಆ ದ್ರಾವಣವು ಬೂಷ್ಟಿಗೆ ಹೊರತು ಹುಳುವಿಗೆ ಹೊಡೆಯುವಂಥದಲ್ಲ. ನಮ್ಮ ವಿಚಾರವೆಲ್ಲಾ ಹುಳುಗಳನ್ನು ಕೊಲ್ಲುವ ವಿಷಗಳನ್ನು ಕುರಿತದ್ದು.

ಈ ವಿಷಕ್ಕೆ ನಮ್ಮವರು ಇಟ್ಟ ಹೆಸರನ್ನು ನೋಡಿರಿ. ಔಷಧಿ ಹೊಡೆದೆನು, ಮದ್ದು ಬಿಟ್ಟೆನು ಅನ್ನುತ್ತೇವೆ. ಮದ್ದು ಎಂಬ ಶಬ್ದಕ್ಕೆ ಕನ್ನಡದಲ್ಲಿ ಎರಡು ಮುಖಗಳುಂಟು. ರೋಗಿಗೆ ಕೊಡುವದೂ ಮದ್ದೇ; ಊಟದಲ್ಲಿ ಗುಟ್ಟಾಗಿ ಇಟ್ಟು ಮನುಷ್ಯನನ್ನು ಕೊಲ್ಲುವದೂ ಮದ್ದೇ. ಒಳ್ಳೆಯ ವೈದ್ಯನು ನಾಡಿ ಹಿಡಿದು ನೋಡಿ ಮದ್ದು ಕೊಡುತ್ತಾನೆ. ನೋಡದೆ ಕೊಟ್ಟರೆ ಆ ಶಬ್ದದ ಮೊದಲನೆಯ ಅರ್ಥವು ಎರಡನೆಯದಾಗಿ ತಿರುಗುವದಕ್ಕೆ ಬಹಳ ಹೊತ್ತು ಬೇಡ.

ಹಾಗಾದರೆ ನಮ್ಮ ಹೊಲದ ಕಾವಲುಗಾರರು ಯಾರು? ಭತ್ತದ ಗದ್ದೆಗೆ ಬೆಳಿಗ್ಗೆ ಇಳಿದು, ಒಂದು ಬುಡವನ್ನು ಬಗ್ಗಿಸಿ, ಕೈಯಿಂದ ಮೆಲ್ಲಗೆ ತಟ್ಟಿ, ನೀರಿನ ಮೇಲೆ ಬಿದ್ದದ್ದನ್ನು ನೋಡಿರಿ. ಕಂದು ಜಿಗಿಹುಳುಗಳು ಬಿದ್ದಾವು. ಅವುಗಳ ಸಂಗಡ ನೀರಿನ ಮೇಲೆಯೇ ಓಡುವ ಒಂದು ಜೇಡವೂ ಬಿದ್ದೀತು. ಈ ಜೇಡವು ಬಲೆ ಕಟ್ಟಿ ಕಾಯುವಂಥದಲ್ಲ. ಬೇಟೆಗಾರನ ಹಾಗೆ ತಿರುಗಿ ಹಿಡಿಯುವಂಥದು. ಒಂದು ಜೇಡವು ದಿನಕ್ಕೆ 5ರಿಂದ 15 ಹುಳುಗಳನ್ನು ತಿನ್ನುತ್ತದೆಂದು ಭತ್ತದ ವಿಷಯದಲ್ಲಿ ಪರಿಶೋಧನೆ ಮಾಡಿದವರು ಎಣಿಸಿ ಹೇಳಿದ್ದಾರೆ. ಅದಲ್ಲದೆ ಹಸಿರು ಬಣ್ಣದ ಒಂದು ಚಿಕ್ಕ ತಿಗಣೆಯು ಜಿಗಿಹುಳುವಿನ ಮೊಟ್ಟೆಗಳನ್ನೇ ಹುಡುಕಿ ಹೀರುತ್ತದೆ. ಮೇಲೆ ಹಾರಾಡುವ ಏರೋಪ್ಲೇನ್ ಚಿಟ್ಟೆಯು ಹಾರುವ ಹುಳುಗಳನ್ನು ಹಿಡಿಯುತ್ತದೆ. ಗುಲಗಂಜಿ ಹುಳುವು ಹೇನುಗಳನ್ನು ತಿನ್ನುತ್ತದೆ. ಇವರಾರಿಗೂ ನಾವು ಸಂಬಳ ಕೊಟ್ಟವರಲ್ಲ, ಕರೆದವರೂ ಅಲ್ಲ.

ಇನ್ನು ಕಾಫಿಯ ಗಿಡಕ್ಕೆ ಬರೋಣ. ಹಿಟ್ಟು ತಿಗಣೆಯು ಕಾಯಿಗೊಂಚಲಿನಲ್ಲಿಯೂ ಎಳೆಯ ಚಿಗುರಿನಲ್ಲಿಯೂ ಬಿಳಿ ಹಿಟ್ಟು ಚೆಲ್ಲಿದ ಹಾಗೆ ಕೂತು ರಸ ಹೀರುವದನ್ನು ತೋಟದವರೆಲ್ಲಾ ಬಲ್ಲರು. ಅದನ್ನು ತಿನ್ನುವ ಗುಲಗಂಜಿ ಹುಳುವಿನ ಒಂದು ಜಾತಿ ಉಂಟು. ಅದಕ್ಕೆ ಕ್ರಿಪ್ಟೋಲೀಮಸ್ ಎಂದು ಹೆಸರು. ಅದರ ಮರಿಯ ಮೈಮೇಲೆಲ್ಲಾ ಬಿಳಿಯ ಮೇಣದ ಎಳೆಗಳಿರುವದರಿಂದ ಅದು ಹಿಟ್ಟು ತಿಗಣೆಯ ಹಾಗೆಯೇ ಕಾಣುತ್ತದೆ. ಸ್ವಲ್ಪ ದೊಡ್ಡದು, ಸ್ವಲ್ಪ ಚುರುಕಾಗಿ ನಡೆಯುತ್ತದೆ, ಇಷ್ಟೇ ಭೇದ. ಕುರಿಯ ವೇಷದಲ್ಲಿ ಬರುವ ತೋಳಗಳ ವಿಷಯದಲ್ಲಿ ಎಚ್ಚರವಾಗಿರಬೇಕೆಂದು ಕರ್ತನು ಕಲಿಸಿದನು. ಇಲ್ಲಿಯಾದರೋ ಶತ್ರುವಿನ ವೇಷದಲ್ಲಿ ಮಿತ್ರನೇ ಬಂದಿದ್ದಾನೆ. ಹಿಟ್ಟು ತಿಗಣೆ ಬಹಳ ದೊಡ್ಡದಾಗಿ ಬೆಳೆದಿದೆ ಎಂದು ಹೆದರಿ ವಿಷವನ್ನು ಇಮ್ಮಡಿ ಮಾಡುವವನು, ತನಗೆ ಸಹಾಯ ಬಂದ ದಿನವೇ ಸಹಾಯಕನನ್ನು ಕೊಲ್ಲುತ್ತಾನೆ. ಮನುಷ್ಯನು ಹೊರಗಿನದನ್ನು ನೋಡುತ್ತಾನೆಂದು ಸಮುವೇಲನು ಬೇತ್ಲೆಹೇಮಿನಲ್ಲಿ ಕಲಿತ ಪಾಠವು ಕಾಫಿ ಗಿಡದ ಬುಡದಲ್ಲಿಯೂ ಬೇಕಾಗಿದೆ.

ವಿಷ ಹೊಡೆದರೆ ಶತ್ರುವೂ ಸಾಯುತ್ತದೆ, ಮಿತ್ರನೂ ಸಾಯುತ್ತದೆ. ಲೆಕ್ಕ ಸಮವಾಯಿತಲ್ಲಾ, ನಷ್ಟವೇನು? ಎಂದು ಕೆಲವರು ಕೇಳಾರು. ಲೆಕ್ಕ ಸಮವಾಗುವದಿಲ್ಲ, ಅದಕ್ಕೆ ಕಾರಣಗಳು ನಾಲ್ಕು. ಮೊದಲನೆಯದು, ಶತ್ರು ಹುಳುವು ಎಲೆಯ ಅಡಿಯಲ್ಲಿಯೋ ದಂಟಿನ ಒಳಗೋ ಒಂದೇ ಕಡೆ ಅಡಗಿ ಕೂತಿರುತ್ತದೆ. ಕಾವಲು ಹುಳುವು ಆಹಾರ ಹುಡುಕುತ್ತಾ ಗಿಡವೆಲ್ಲಾ ಓಡಾಡಿ ವಿಷ ಬಿದ್ದ ಎಲೆಗಳನ್ನೆಲ್ಲಾ ತುಳಿಯುತ್ತದೆ. ವಿಷ ತಗಲಿದ ಹುಳುಗಳನ್ನು ತಿಂದು ಎರಡನೆಯ ಸಾರಿ ವಿಷ ಉಣ್ಣುತ್ತದೆ. ಎರಡನೆಯದು, ಜಿಗಿಹುಳುವಿನ ಒಂದು ಹೆಣ್ಣು 200ಕ್ಕೆ ಕಡಿಮೆಯಿಲ್ಲದೆ ಮೊಟ್ಟೆಗಳನ್ನು ಇಟ್ಟು ಕೆಲವು ವಾರಗಳಲ್ಲಿ ಹೊಸ ತಲೆಮಾರನ್ನು ಎಬ್ಬಿಸುತ್ತದೆ. ಬೇಟೆಯಾಡುವ ಜೀವಿಗಳ ಸಂತಾನವು ಅಷ್ಟು ಬೇಗ ಹೆಚ್ಚುವದಿಲ್ಲ. ಮೂರನೆಯದು, ಆ ಮೊಟ್ಟೆಗಳು ಭತ್ತದ ಎಲೆಯ ಒರೆಯೊಳಗೆ ಹುದುಗಿರುವದರಿಂದ ವಿಷವು ಅವುಗಳಿಗೆ ಮುಟ್ಟುವದಿಲ್ಲ. ನಾಲ್ಕಾರು ದಿನಗಳಾದ ಮೇಲೆ ಮರಿಗಳು ಹೊರಗೆ ಬಂದು ನೋಡಿದರೆ, ತಮ್ಮನ್ನು ತಿನ್ನುವವರು ಯಾರೂ ಇಲ್ಲ. ಉಳಿದಿದ್ದ ಒಂದೆರಡು ಜೇಡಗಳೂ ನಡುವೆ ಆಹಾರವಿಲ್ಲದೆ ಸತ್ತಿವೆ ಇಲ್ಲವೆ ಬೇರೆ ಕಡೆಗೆ ಹೋಗಿವೆ. ನಾಲ್ಕನೆಯದು, ಎಷ್ಟು ಹೊಡೆದರೂ ಸಾಯದೆ ಉಳಿದ ಶತ್ರುಗಳ ಸಂತಾನವು ಕಾಲಕ್ರಮದಲ್ಲಿ ಆ ವಿಷವನ್ನು ತಾಳಿಕೊಳ್ಳುತ್ತದೆ. ಆಗ ರೈತನು ಹೆಚ್ಚು ಹೊಡೆಯುತ್ತಾನೆ. ಹೆಚ್ಚು ಹೊಡೆದಷ್ಟೂ ಕಾವಲುಗಾರರು ಕಡಿಮೆಯಾಗುತ್ತಾರೆ. ಕಡಿಮೆಯಾದಷ್ಟೂ ಇನ್ನೂ ಹೊಡೆಯಬೇಕಾಗುತ್ತದೆ. ಸಾಲ ತೀರಿಸುವದಕ್ಕೆ ಸಾಲ ಮಾಡಿದವನ ಅವಸ್ಥೆ ಇದು.

ಇದು ಬರೀ ತರ್ಕವೆಂದು ಯಾರೂ ತಿಳಿಯಬಾರದು. ಅಮೇರಿಕದ ಕ್ಯಾಲಿಫೋರ್ನಿಯ ಪ್ರಾಂತದಲ್ಲಿ ನೂರು ವರುಷಗಳಿಗೂ ಹಿಂದೆ ಆಸ್ಟ್ರೇಲಿಯದಿಂದ ಬಂದ ಹತ್ತಿಯಂಥ ಬಿಳಿ ಹುಳುವು ಕಿತ್ತಳೆ ತೋಟಗಳನ್ನು ಒಣಗಿಸುತ್ತಿತ್ತು. 1888ನೇ ಇಸವಿಯಲ್ಲಿ ಆಲ್ಬರ್ಟ್ ಕೋಬೆಲೆ ಎಂಬವನನ್ನು ಆಸ್ಟ್ರೇಲಿಯಕ್ಕೆ ಕಳುಹಿಸಿದರು. ಅಲ್ಲಿ ಅದೇ ಹುಳುವನ್ನು ತಿನ್ನುವ ಗುಲಗಂಜಿ ಜಾತಿಯ ಹುಳುವನ್ನು ಅವನು ಕಂಡು, ಕೆಲವು ನೂರುಗಳನ್ನು ಹಡಗಿನಲ್ಲಿ ಕಳುಹಿಸಿದನು. ವರುಷ ತಿರುಗುವಷ್ಟರಲ್ಲಿ ಆ ತೋಟಗಳು ಮತ್ತೆ ಹಸಿರಾದವು. ಸುಮಾರು 55 ವರುಷ ಕಾಲ ಆ ಹುಳುಗಳು ಕೂಲಿ ಕೇಳದೆ ತೋಟ ಕಾದವು. ಬಳಿಕ 1940ರ ದಶಕದಲ್ಲಿ ಡಿ.ಡಿ.ಟಿ. ಎಂಬ ಹೊಸ ವಿಷ ಬಂತು. ಬೇರೆ ಹುಳುಗಳ ನಿಮಿತ್ತ ಅದನ್ನು ಕಿತ್ತಳೆ ತೋಟಗಳಿಗೆ ಹೊಡೆದರು. ಗುಲಗಂಜಿ ಹುಳುಗಳು ಸತ್ತವು. ಅಜ್ಜಂದಿರ ಕಾಲದಲ್ಲಿ ಮಾಯವಾಗಿದ್ದ ಬಿಳಿ ಹುಳುವು 1946-47ರಲ್ಲಿ ಮರಗಳ ಮೇಲೆ ತಿರಿಗಿ ಕಾಣಿಸಿತು. ವಿಷವನ್ನು ನಿಲ್ಲಿಸಿ, ಕಾವಲು ಹುಳುಗಳನ್ನು ತಂದು ಮತ್ತೆ ಬಿಟ್ಟ ಮೇಲೆಯೇ ತೋಟಗಳು ಸುಧಾರಿಸಿದವು. ಅಲ್ಲಿಯವರು ತಮ್ಮ ತಂದೆಗಳು ಸಂಪಾದಿಸಿದ ಕಾವಲನ್ನು ತಾವೇ ಹಾಳುಮಾಡಿ, ಹಾಳಾದ ಮೇಲೆ ಅದರ ಬೆಲೆಯನ್ನು ತಿಳಿದರು.

ಅನ್ನವನ್ನೇ ಉಣ್ಣುವ ಇಂಡೋನೇಷ್ಯ ದೇಶದ ವೃತ್ತಾಂತವು ನಮಗೆ ಇನ್ನೂ ಹತ್ತಿರದ್ದು. ಅಲ್ಲಿ ಸರಕಾರವೇ ವಿಷದ ಬೆಲೆಯಲ್ಲಿ ಬಹು ಪಾಲನ್ನು ತಾನು ಕೊಟ್ಟು ರೈತರಿಂದ ಹೊಡಿಸುತ್ತಿತ್ತು. ಹೊಡೆದಷ್ಟೂ ಕಂದು ಜಿಗಿಹುಳು ಹೆಚ್ಚಿತು. ಜೇಡಗಳನ್ನೂ ಇತರ ಕಾವಲುಗಾರರನ್ನೂ ವಿಷವು ಕೊಂದದ್ದೇ ಇದಕ್ಕೆ ಕಾರಣವೆಂದು ಪರಿಶೋಧಕರು ತೋರಿಸಿಕೊಟ್ಟಾಗ, 1986ರ ನವೆಂಬರಿನಲ್ಲಿ ಆ ದೇಶದ ಅಧ್ಯಕ್ಷನು ಭತ್ತದ ಗದ್ದೆಗಳಲ್ಲಿ 57 ವಿಷಗಳನ್ನು ನಿಷೇಧಿಸಿದನು. ಸರಕಾರವು ಕೊಡುತ್ತಿದ್ದ ಹಣವನ್ನೂ ಕೆಲವು ವರುಷಗಳಲ್ಲಿ ನಿಲ್ಲಿಸಿದರು. ದೇಶವು ಹಸಿವೆಯಿಂದ ಸತ್ತಿತೋ? ಇಲ್ಲ. ವಿಷದ ಬಳಕೆ ಇಳಿಯಿತು. ಭತ್ತದ ಬೆಳೆ ಇಳಿಯಲಿಲ್ಲ.

ದೂರದ ದೇಶಗಳನ್ನು ಬಿಟ್ಟು ನಮ್ಮ ಸೀಮೆಗೇ ಬರೋಣ. ಮೊದಲು ಹೇಳಿದ ಕ್ರಿಪ್ಟೋಲೀಮಸ್ ಹುಳುವನ್ನು 1898ರಲ್ಲಿ ಆಸ್ಟ್ರೇಲಿಯದಿಂದ ದಕ್ಷಿಣ ಇಂಡಿಯಕ್ಕೆ ತಂದದ್ದು ಕಾಫಿಯ ಹಸಿರು ತಿಗಣೆಯನ್ನು ತಿನ್ನಲಿ ಎಂದು. ಆ ಕೆಲಸವನ್ನು ಅದು ಚೆನ್ನಾಗಿ ಮಾಡಲಿಲ್ಲ. ಆದರೆ ಇಲ್ಲಿಯೇ ನೆಲೆಗೊಂಡು ಹಿಟ್ಟು ತಿಗಣೆಯನ್ನು ತಿನ್ನತೊಡಗಿತು. ನಮ್ಮ ನೆರೆಯ ಬಾಳೆಹೊನ್ನೂರಿನ ಬಳಿ ಮೈಸೂರು ಸಂಸ್ಥಾನದವರು 1925ರಲ್ಲಿ ಕಾಫಿಯ ಪ್ರಯೋಗಶಾಲೆಯನ್ನು ಸ್ಥಾಪಿಸಿದರು. ಆ ಕಾಲದಲ್ಲಿ ಸಂಸ್ಥಾನದ ವ್ಯವಸಾಯ ಇಲಾಖೆಯ ಮುಖ್ಯಸ್ಥರಾಗಿದ್ದವರು ಕೆನಡ ದೇಶದ ಲೆಸ್ಲಿ ಕೋಲ್ಮನ್ ಸಾಹೇಬರು. ಆ ಶಾಲೆಯು ಈಗ ಕಾಫಿ ಮಂಡಳಿಯ ಕೇಂದ್ರೀಯ ಸಂಶೋಧನಾ ಸಂಸ್ಥೆಯಾಗಿದೆ. 1983ರಲ್ಲಿ ಟ್ರಿನಿಡಾಡ್ ಎಂಬ ದ್ವೀಪದಿಂದ ಲೆಪ್ಟೋಮ್ಯಾಸ್ಟಿಕ್ಸ್ ಎಂಬ ಚಿಕ್ಕ ಕಣಜವನ್ನು ಕರ್ನಾಟಕಕ್ಕೆ ತಂದು, ಕಿತ್ತಳೆ ಕಾಫಿ ಕೂಡಿ ಬೆಳೆಯುವ ತೋಟಗಳಲ್ಲಿ ಬಿಟ್ಟರು. ಅದು ಹಿಟ್ಟು ತಿಗಣೆಯ ಮೈಯೊಳಗೆ ಮೊಟ್ಟೆ ಇಡುತ್ತದೆ. ಮರಿಯು ತಿಗಣೆಯನ್ನು ಒಳಗಿನಿಂದಲೇ ತಿಂದು ಬೆಳೆಯುತ್ತದೆ. ಒಂದು ಕೈಯಿಂದ ಇಂಥ ಕಣಜವನ್ನು ತಂದು ಬಿಟ್ಟು, ಇನ್ನೊಂದು ಕೈಯಿಂದ ತೋಟವೆಲ್ಲಾ ವಿಷವೆರಚಿದರೆ, ಹಗಲಲ್ಲಿ ಕಟ್ಟಿದ ಗೋಡೆಯನ್ನು ರಾತ್ರಿ ಕೆಡವುವವನಿಗೂ ನಮಗೂ ಭೇದವೇನು?

ಈಗ ಮೊದಲಿನ ಪ್ರಶ್ನೆಗೆ ಬರುವೆವು. ಸೊದೋಮ್ ಪಟ್ಟಣದ ಮೇಲೆ ನ್ಯಾಯತೀರ್ಪು ಬರುತ್ತದೆಂದು ತಿಳಿದಾಗ ಅಬ್ರಹಾಮನು ದೇವರ ಮುಂದೆ ನಿಂತು, ಕೆಟ್ಟವರ ಸಂಗಡ ಒಳ್ಳೆಯವರೂ ನಾಶವಾಗಬೇಕೋ ಎಂದು ವಿಜ್ಞಾಪಿಸಿದನು. 50 ಮಂದಿಯಿಂದ ಆರಂಭಿಸಿ 10 ಮಂದಿಯ ವರೆಗೆ ಇಳಿದನು. ಜೇಡವನ್ನೂ ಗುಲಗಂಜಿ ಹುಳುವನ್ನೂ ನೀತಿವಂತರೆಂದು ನಾವು ಕರೆಯುವದಿಲ್ಲ. ಹುಳುವಿಗೆ ನೀತಿಯೂ ಇಲ್ಲ, ಪಾಪವೂ ಇಲ್ಲ. ಅದು ತನ್ನ ಹೊಟ್ಟೆಗಾಗಿ ತಿನ್ನುತ್ತದೆ. ಆದರೆ ಇಲ್ಲಿ ವಿಚಾರಣೆಗೆ ನಿಂತಿರುವದು ಹುಳುವಲ್ಲ, ನಾಶಮಾಡುವವನ ಮನಸ್ಸು. ಸರ್ವವನ್ನೂ ಬಲ್ಲ ನ್ಯಾಯಾಧಿಪತಿಯೇ ನಾಶಮಾಡುವ ಮುಂಚೆ ಇಳಿದು ಬಂದು ನೋಡುವೆನೆಂದು ಹೇಳಿದ ಮೇಲೆ, ಏನೂ ತಿಳಿಯದ ನಾವು ಗದ್ದೆಗೆ ಇಳಿಯದೆ, ಅಂಚಿನಲ್ಲಿಯೇ ನಿಂತು, ಪಕ್ಕದವನು ಹೊಡೆದನೆಂದು ನಾವೂ ಹೊಡೆಯಬಹುದೋ? ಹಣಜಿಯನ್ನು ಕಿತ್ತುಹಾಕುವದಕ್ಕೆ ಅವಸರಪಟ್ಟ ಆಳುಗಳನ್ನು ಸಾಮ್ಯದ ಯಜಮಾನನು ತಡೆದದ್ದು ಹಣಜಿಯ ಮೇಲಿನ ಪ್ರೀತಿಯಿಂದಲ್ಲ, ಗೋಧಿಯ ಮೇಲಿನ ಪ್ರೀತಿಯಿಂದ.

ಅಜ್ಞಾನದ ಮಾತಿಗಾದರೂ ಯಾಜಕಕಾಂಡದ ನಾಲ್ಕನೆಯ ಅಧ್ಯಾಯದಲ್ಲಿ ಉತ್ತರವಿದೆ. ತಿಳಿಯದೆ ತಪ್ಪಿದವನಿಗೂ ಅಲ್ಲಿ ಬಲಿ ನೇಮಕವಾಗಿದೆ. ತಿಳಿಯದೆ ಮಾಡಿದ್ದು ಏನೂ ಅಲ್ಲವೆಂದು ಧರ್ಮಶಾಸ್ತ್ರವು ಹೇಳುವದಿಲ್ಲ. ತಿಳಿದು ಮಾಡಿದ್ದಕ್ಕೆ ಸಮಾನವೆಂದೂ ಹೇಳುವದಿಲ್ಲ. ತಪ್ಪು ಅವನಿಗೆ ತಿಳಿಯಬಂದ ದಿನದಿಂದ ಅವನು ಸುಮ್ಮನಿರಕೂಡದೆಂದು ಹೇಳುತ್ತದೆ. ನಮ್ಮ ಹಿರಿಯರು ಡಿ.ಡಿ.ಟಿ.ಯನ್ನೂ ಗಮಾಕ್ಸಿನನ್ನೂ ಎರಚಿದಾಗ ಅವರಿಗೆ ಹೇಳುವವರು ಯಾರೂ ಇರಲಿಲ್ಲ. ಅವರನ್ನು ನಾವು ನಿಂದಿಸಬಾರದು. ಬೆಳೆಗೆ ಡಿ.ಡಿ.ಟಿ. ಹೊಡೆಯುವದನ್ನು ಇಂಡಿಯ ಸರಕಾರವು 1989ರಲ್ಲಿಯೂ, ಬಿ.ಎಚ್.ಸಿ. ಎಂಬ ಗಮಾಕ್ಸಿನನ್ನು 1997ರಲ್ಲಿಯೂ ನಿಲ್ಲಿಸಿತು. ಈಗಲಾದರೋ ಹೇಳುವವರಿದ್ದಾರೆ. ಆದದರಿಂದ ನಮ್ಮ ಕಾಲದ ತಪ್ಪು ಕೊಲ್ಲುವದರಲ್ಲಿಲ್ಲ. ನೋಡಬಹುದಾಗಿದ್ದಾಗ ನೋಡದೆ ಕೊಲ್ಲುವದರಲ್ಲಿದೆ.

ನೋಡುವದೆಂದರೆ ಸುಲಭವಲ್ಲವೆಂಬದನ್ನೂ ಒಪ್ಪಿಕೊಳ್ಳುವೆವು. ಮಲೆನಾಡಿನ ಚಗಳಿ ಇರುವೆಯನ್ನೇ ದೃಷ್ಟಾಂತಕ್ಕೆ ತಕ್ಕೊಳ್ಳಿರಿ. ಅದನ್ನು ಚಟ್ನಿ ಮಾಡಿ ತಿನ್ನುವವರೂ, ಅದರಿಂದ ಕಚ್ಚಿಸಿಕೊಂಡು ಕಾಫಿ ಗಿಡದಿಂದ ಹಾರಿಬೀಳುವವರೂ ನಮ್ಮಲ್ಲಿ ಉಂಟು. ಚೀನ ದೇಶದವರು ಸಾವಿರ ವರುಷಗಳಿಗೂ ಹಿಂದಿನಿಂದ ಈ ಜಾತಿಯ ಇರುವೆಯ ಗೂಡುಗಳನ್ನು ಕೊಂಡು ತಂದು ಕಿತ್ತಳೆ ಮರಗಳಲ್ಲಿ ಕಟ್ಟಿ, ಹುಳುಗಳಿಂದ ಹಣ್ಣನ್ನು ಕಾಯಿಸಿಕೊಂಡರು. ಗೇರಿನ ಚಿಗುರನ್ನು ಒಣಗಿಸುವ ಟೀ ಸೊಳ್ಳೆ ಎಂಬ ತಿಗಣೆಯನ್ನೂ ಇದೇ ಇರುವೆ ಹಿಡಿಯುತ್ತದೆ. ಆದರೆ ಕಾಫಿ ಗಿಡದಲ್ಲಿ ಇರುವೆಗಳು ಹಸಿರು ತಿಗಣೆಯೂ ಹಿಟ್ಟು ತಿಗಣೆಯೂ ಹೊರಡಿಸುವ ಸಿಹಿ ರಸದ ಆಸೆಯಿಂದ ಅವುಗಳನ್ನು ದನ ಕಾದ ಹಾಗೆ ಕಾಯುತ್ತವೆ; ಗುಲಗಂಜಿ ಹುಳುವನ್ನೂ ಕಣಜವನ್ನೂ ಓಡಿಸುತ್ತವೆ. ಗೇರಿನಲ್ಲಿ ಕಾವಲುಗಾರನಾದವನು ಕಾಫಿಯಲ್ಲಿ ಕಳ್ಳನ ಕಾವಲುಗಾರನಾದನು. ಇದರಿಂದ ನಾವು ಕಲಿಯತಕ್ಕದ್ದೇನಂದರೆ, ಇದು ಒಳ್ಳೆಯ ಹುಳು, ಇದು ಕೆಟ್ಟ ಹುಳು ಎಂದು ಒಂದೇ ಸಾರಿ ಬಾಯಿಪಾಠ ಮಾಡಿಕೊಂಡರೆ ಸಾಲದು. ಯಾವ ಗಿಡದಲ್ಲಿ, ಯಾವ ಕಾಲದಲ್ಲಿ, ಎಷ್ಟು ಇವೆ ಎಂದು ಪ್ರತಿ ಸಾರಿಯೂ ನೋಡಬೇಕು.

ನೋಡಿದ ಮೇಲೆ ಇನ್ನೊಂದು ಕಷ್ಟವಾದ ಪಾಠ ಬರುತ್ತದೆ. ಶತ್ರು ಹುಳು ಒಂದೂ ಇಲ್ಲದ ಗದ್ದೆಯಲ್ಲಿ ಕಾವಲು ಹುಳುವಿಗೆ ಆಹಾರವಿಲ್ಲ. ಕಾವಲು ಬೇಕಾದರೆ ಸ್ವಲ್ಪ ಕಳ್ಳತನವನ್ನು ತಾಳಬೇಕು. ಹೊಲದ ಮೂಲೆಗಳನ್ನು ಪೂರಾ ಕೊಯ್ಯದೆ ಬಡವರಿಗೂ ಪರದೇಶಿಗಳಿಗೂ ಬಿಡಬೇಕೆಂದು ಇಸ್ರಾಯೇಲ್ಯರಿಗೆ ಆಜ್ಞೆಯಾಗಿತ್ತು. ಮುತ್ತಿಗೆ ಹಾಕಿದ ಪಟ್ಟಣದ ಸುತ್ತಲಿನ ಹಣ್ಣಿನ ಮರಗಳನ್ನು ಯುದ್ಧದ ಅವಸರದಲ್ಲಿ ಕಡಿಯಬಾರದೆಂದೂ, ಗೂಡಿನಲ್ಲಿ ಮರಿಗಳನ್ನು ತಕ್ಕೊಂಡರೂ ತಾಯಿಹಕ್ಕಿಯನ್ನು ಬಿಡಬೇಕೆಂದೂ ಧರ್ಮೋಪದೇಶಕಾಂಡದಲ್ಲಿ ಹೇಳಿದೆ. ಈ ಆಜ್ಞೆಗಳ ಒಳಗಿನ ಭಾವವು ಒಂದೇ: ನಿನಗೆ ಅಧಿಕಾರವಿದ್ದರೂ ಕೊನೆಯ ವರೆಗೆ ಕೈ ಚಾಚಬೇಡ, ನಾಳೆ ಫಲ ಕೊಡುವದನ್ನು ಇಂದಿನ ಕೋಪಕ್ಕೆ ಬಲಿಕೊಡಬೇಡ. ಇದಕ್ಕೆ ವ್ಯವಸಾಯದವರು ಆರ್ಥಿಕ ನಷ್ಟದ ಮಟ್ಟವೆಂದು ಹೆಸರಿಟ್ಟು, ಬುಡಕ್ಕೆ 5ರಿಂದ 10 ಜಿಗಿಹುಳುಗಳಾಗುವ ವರೆಗೆ ವಿಷವನ್ನು ಮುಟ್ಟಬೇಡಿರಿ ಎನ್ನುತ್ತಾರೆ. ಜೇಡಗಳು ಚೆನ್ನಾಗಿ ಇದ್ದರೆ ಇನ್ನೂ ತಾಳಬಹುದು. ತಾಳ್ಮೆಗೆ ಅಂಕೆಗಳಲ್ಲಿ ಬರೆದ ಲೆಕ್ಕವೇ ಇದು.

ಇಲ್ಲಿ ಒಬ್ಬ ಬಡ ವಿಧವೆಯು ಎದ್ದು ನಿಂತು, ಅಯ್ಯನವರೇ, ನೂರು ಎಕರೆ ಇದ್ದವರು ತಾಳಲಿ. ನನಗಿರುವದು ಹತ್ತು ಗುಂಟೆ. ಅದರಲ್ಲಿ ಒಂದು ಮೂಲೆ ಹೋದರೆ ಎರಡು ತಿಂಗಳ ಗಂಜಿ ಹೋಯಿತು, ಅಂದರೆ ನಾವು ಏನು ಹೇಳುವೆವು? ಅವಳ ಮಾತು ಸತ್ಯ. ತಾಳ್ಮೆಯು ಎಲ್ಲರಿಗೂ ಒಂದೇ ಬೆಲೆಗೆ ಸಿಕ್ಕುವ ಸರಕಲ್ಲ. ಬಡವನಿಗೆ ಅದು ತುಟ್ಟಿ. ಆದದರಿಂದ ಈ ಭಾರವನ್ನು ಅವಳ ತಲೆಯ ಮೇಲೆ ಮಾತ್ರ ಹೊರಿಸಿ, ತಾಳಿಕೋ ತಾಯಿ, ಎಂದು ಹೇಳಿ ಹೋಗುವ ಬೋಧಕನು ಅವಳಿಗೆ ಅನ್ಯಾಯ ಮಾಡುತ್ತಾನೆ. ಒಬ್ಬರ ಭಾರವನ್ನೊಬ್ಬರು ಹೊರಬೇಕೆಂದು ಗಲಾತ್ಯದವರಿಗೆ ಅಪೊಸ್ತಲನು ಬರೆದದ್ದು ಸಭೆಗೆ. ಜಿಗಿಹುಳುವು ಬದುವನ್ನು ನೋಡಿ ನಿಲ್ಲುವದಿಲ್ಲ, ಜೇಡವೂ ಹಾಗೆಯೇ. ನೆರೆಯವನು ಹೊಡೆದ ವಿಷದಿಂದ ಅವಳ ಗದ್ದೆಯ ಕಾವಲು ಸತ್ತಿದ್ದರೆ ಅವಳ ನಷ್ಟದಲ್ಲಿ ನೆರೆಯವನ ಪಾಲೂ ಉಂಟು. ಒಂದು ಊರಿನ ನಮ್ಮವರು ಕೂಡಿ ಗದ್ದೆಗಳನ್ನು ನೋಡುವದಾದರೆ, ಕೂಡಿ ತಾಳುವದಾದರೆ, ತಾಳಿದ್ದರಿಂದ ಯಾರಿಗೆ ನಷ್ಟ ಬಂತೋ ಅವರಿಗೆ ಸುಗ್ಗಿಯ ಕೃತಜ್ಞತಾ ಕಾಣಿಕೆಯಿಂದ ನಾಲ್ಕು ಸೇರು ಭತ್ತ ಅಳೆದು ಕೊಡುವದಾದರೆ, ಆಗ ಅವಳೂ ತಾಳಬಲ್ಲಳು.

ಕೂಲಿಯವನ ಪ್ರಶ್ನೆ ಬೇರೆ. ತೋಟ ಅವನದಲ್ಲ, ವಿಷ ಅವನದಲ್ಲ, ಅಪ್ಪಣೆಯೂ ಅವನದಲ್ಲ. ಕೈ ಮಾತ್ರ ಅವನದು, ಮೂಗಿಗೆ ಏರುವ ಹೊಗೆಯೂ ಅವನದು. ಕಾಸರಗೋಡು ಸೀಮೆಯಲ್ಲಿ 1970ರ ದಶಕದ ಕೊನೆಯಿಂದ 2000ದ ವರೆಗೆ ಗೇರು ತೋಟಗಳ ಮೇಲೆ ಟೀ ಸೊಳ್ಳೆಯ ನಿಮಿತ್ತ ಎಂಡೋಸಲ್ಫಾನ್ ಎಂಬ ವಿಷವನ್ನು ಹೆಲಿಕಾಪ್ಟರಿನಿಂದ ಎರಚಿದರು. ಅಪ್ಪಣೆ ಕೊಟ್ಟವರು ಬೇರೆ. ಕೆಳಗೆ ಬಾವಿಯ ನೀರು ಕುಡಿದವರು ಬೇರೆ. ಎಷ್ಟೋ ಮಕ್ಕಳು ಅಂಗಹೀನರಾಗಿ ಹುಟ್ಟಿದ ದುಃಖವನ್ನು ನಾಡೆಲ್ಲಾ ಕೇಳಿದೆ. ದೇಶದ ಸರ್ವೋಚ್ಚ ನ್ಯಾಯಾಲಯವು 2011ರ ಮೇ 13ರಂದು ಆ ವಿಷವನ್ನು ತಡೆಯಿತು. ಹೀಗಿರುವದರಿಂದ ಕೂಲಿಯವನಾದ ನಮ್ಮ ಸಹೋದರನಿಗೆ ನಾವು ಹೇಳುವದೇನಂದರೆ: ಯಜಮಾನನಿಗೆ ವಿಧೇಯನಾಗಿರು, ಆದರೆ ಕಣ್ಣನ್ನು ಅವನಿಗೆ ಮಾರಿಬಿಡಬೇಡ. ಗಿಡವನ್ನು ಅವನಿಗಿಂತ ಹತ್ತಿರದಿಂದ ನೋಡುವವನು ನೀನೇ. ಗುಲಗಂಜಿ ಹುಳುವಿನ ಮರಿಗಳು ತುಂಬಿರುವದನ್ನು ಕಂಡರೆ, ಧಣಿಗಳೇ, ಈ ಸಾಲನ್ನು ಎಂಟು ದಿನ ಬಿಟ್ಟು ನೋಡೋಣ, ಎಂದು ಮರ್ಯಾದೆಯಿಂದ ಹೇಳು. ಕಾಫಿಯ ಹೂವು ಬಿರಿದು ಜೇನು ಬರುತ್ತಿರುವ ದಿನಗಳಲ್ಲಿ ಹೊಡೆಯುವದು ಬೇಡವೆಂದು ಹೇಳು. ನಾಮಾನನ ಮನೆಯಲ್ಲಿ ದಾಸಿಯಾಗಿದ್ದ ಚಿಕ್ಕ ಹುಡುಗಿಯ ಒಂದು ಮಾತಿನಿಂದ ಆ ಸೇನಾಪತಿಗೆ ಸ್ವಸ್ಥವಾಯಿತಲ್ಲವೋ?

ವಿಷವಿಲ್ಲದೆ ಮಾಡಬಹುದಾದ ಕೆಲಸಗಳೂ ಉಂಟು. ಕೊಳವೆ ಹುಳು ಬಿದ್ದ ಗದ್ದೆಯಲ್ಲಿ ಇಬ್ಬರು ಹಗ್ಗ ಹಿಡಿದು ಪೈರಿನ ಮೇಲೆ ಎಳೆದು, ಹುಳುಗಳನ್ನು ನೀರಿಗೆ ಬೀಳಿಸಿ ನೀರನ್ನು ಬಸಿಯಬಹುದು. ಗದ್ದೆಯ ನಡುವೆ ಕವಲು ಕೋಲುಗಳನ್ನು ನೆಟ್ಟರೆ ಕಾಜಾಣ ಹಕ್ಕಿ ಬಂದು ಕೂತು ಹುಳು ಹೆಕ್ಕುತ್ತದೆ. ಅರೇಬಿಕ ಗಿಡದ ಬಿಳಿ ಕಾಂಡಕೊರಕಕ್ಕೆ, ದುಂಬಿ ಹಾರುವ ಕಾಲಕ್ಕೆ ಮುಂಚೆ ಕಾಂಡದ ಸಡಿಲ ತೊಗಟೆಯನ್ನು ತೆಂಗಿನ ನಾರಿನಿಂದ ಉಜ್ಜಿ, ಹುಳು ಹತ್ತಿದ ಗಿಡಗಳನ್ನು ಗುರುತಿಸಿ ಕಿತ್ತು ಸುಡಬಹುದು, ನೆರಳನ್ನು ಕಾಯಬಹುದು. ಬದುವಿನ ಹುಲ್ಲನ್ನೂ ಹೂವನ್ನೂ ಪೂರಾ ಕೆತ್ತದೆ ಸ್ವಲ್ಪ ಬಿಟ್ಟರೆ ಕಾವಲು ಹುಳುಗಳಿಗೆ ಅದೇ ಛತ್ರ. ಇಷ್ಟೆಲ್ಲಾ ಮಾಡಿ, ಎಣಿಸಿ, ಕಾದು, ಆ ಮೇಲೆಯೂ ಹುಳು ಮೀರಿದರೆ, ಬೇಕಾದ ಕಡೆಗೆ ಮಾತ್ರ, ಬೇಕಾದಷ್ಟೇ ವಿಷವನ್ನು ಹೊಡೆದವನನ್ನು ನಾವು ದೂಷಿಸುವದಿಲ್ಲ. ಅವನು ನೋಡಿ ಕೊಂದನು. ಇಲಿ ಬಂತೆಂದು ಮನೆಗೆ ಬೆಂಕಿ ಹಚ್ಚಿದವನಲ್ಲ ಅವನು.

ಪ್ರಿಯ ಸಭೆಯವರೇ, ನಮಗೆ ತಿಳಿಯದ ಹಾಗೆ ನಮ್ಮನ್ನು ಕಾಯುವವರು ಹೊಲದಲ್ಲಿ ಮಾತ್ರವೇ ಅಲ್ಲ, ನಮ್ಮ ಜೀವಮಾನದಲ್ಲೆಲ್ಲಾ ಉಂಟು. ಅವರ ಹೆಸರು ನಮಗೆ ಗೊತ್ತಿಲ್ಲ. ಅವರಿಗೆ ನಾವು ಕೂಲಿ ಕೊಟ್ಟಿಲ್ಲ. ಅಂಥವರಿಗೆ ನಾವು ಸಲ್ಲಿಸಬೇಕಾದ ಮೊದಲನೆಯ ಕೃತಜ್ಞತೆಯು ಸ್ತುತಿಯಲ್ಲ. ಅವರನ್ನು ಕಾಣುವದಕ್ಕೆ ಕಣ್ಣು ತೆರೆಯುವದೇ. ಬರುವ ಆದಿತ್ಯವಾರ ಆರಾಧನೆ ಮುಗಿದ ಮೇಲೆ, ಪ್ರತಿ ಸಭೆಯಲ್ಲಿಯೂ ಇಬ್ಬರು ಹಿರಿಯರು ನಾಲ್ಕು ಹುಡುಗರನ್ನು ಕರೆದುಕೊಂಡು ಹತ್ತಿರದ ಗದ್ದೆಗೆ ಇಳಿದು, ಹತ್ತು ಬುಡಗಳನ್ನು ತಟ್ಟಿ, ಶತ್ರುಗಳೆಷ್ಟು ಕಾವಲುಗಾರರೆಷ್ಟು ಎಂದು ಎಣಿಸಿ ನೋಡಲಿ. ಎಣಿಸಿ ನೋಡಿದ ಹುಡುಗನು ದೊಡ್ಡವನಾಗಿ ಪಂಪು ಹೊತ್ತಾಗ, ಹೊಡೆಯುವ ಮುಂಚೆ ಒಂದು ಸಾರಿ ಬಗ್ಗಿ ನೋಡುವನು. ಆ ಬಗ್ಗುವಿಕೆಯನ್ನು ಕರ್ತನು ಅವನಿಗೂ ನಮಗೂ ಅನುಗ್ರಹಿಸಲಿ.